ಏಡಿಯ ಅರ್ಥ

ಮೊನ್ನೆ ಬೂದಿಗೆರೆಯ ಹೊಸ ಬಡಾವಣೆಯಲ್ಲಿ ಗೆಳತಿಯ ಮನೆಗೆ ಹೋದಾಗ, ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಆ ಏಳು ಹೆಡೆಯ ಸರ್ಪ ಕಂಡಿತು. ಕೊರಳ ಬಳಿ ಮೀನು, ಮೈಯ ತಿರುವಿನಲ್ಲೊಂದು ಏಡಿ. ಅಚ್ಚು ಹಾಕಿಸಿದ ಪ್ರತಿ. ಕೆಳಗೆ ‘ಅನಾಮಿಕ ಕಲಾವಿದ’ ಎಂದಿತ್ತು. ಕೈಯಲ್ಲಿದ್ದ ಕಾಫಿ ಆರಿಹೋಯಿತು...

ಅದು ನಮ್ಮ ಪಕ್ಕದ ಮನೆಯ ನೀರುಗಂಟಿ ಮಾವನ ಬಟ್ಟೆಚಿತ್ರ. ಸಾಸಲು ಕಡೆಯ ಆ ಊರಿಗೆ ನಾನು ಸೊಸೆಯಾಗಿ ಬಂದಾಗ, ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ಕೆಲಸ ಅವರದು. ಚಿತ್ರ ಬರೆದವರು ಯಾರೋ ಅವರಿಗೂ ಗೊತ್ತಿರಲಿಲ್ಲ. ಓದುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಸರ್ಪದ ಮೈ ಕೆರೆಯ ಏರಿ, ಏಳು ಹೆಡೆ ಏಳು ಕಾಲುವೆ. ತೂಬಿನ ಕಲ್ಲಿನಲ್ಲಿ ಕೆತ್ತಿದ ಮೀನು ನೀರಿನಿಂದ ಮೇಲೆ ಕಂಡರೆ ಕಾಲುವೆಗೆ ನೀರು ನಿಲ್ಲಿಸಬೇಕು.

“ಏಡಿ ಎಲ್ಲೈತೆ ನೋಡ್ಕೊ ಕಣವ್ವ. ಅಲ್ಲೇ ಬಿಲ ತೋಡ್ತವೆ. ವರ್ಷಾ ವರ್ಷಾ ಮಣ್ಣು ಮೆತ್ತಲಿಲ್ಲ ಅಂದ್ರೆ ಏರಿ ಹೋಯ್ತದೆ” ಎನ್ನುತ್ತಿದ್ದರು ಮಾವ.

ಪೇಟೆಯಿಂದ ಬಂದ ಪಂಡಿತರೊಬ್ಬರು ಫೋಟೊ ತೆಗೆದು ವಾಪಸ್ ಕೊಡುತ್ತೇನೆಂದು ಅದನ್ನು ಒಯ್ದರು. ತಿಂಗಳ ಮೇಲೆ ಬರಿಗೈಯಲ್ಲಿ ಬಂದರು. ಮಾವ ಚಿತ್ರ ಕೇಳಿದರೆ, “ನಿಮ್ಮನೇಲಿದ್ರೆ ಗೆದ್ದಲು ತಿನ್ನುತ್ತೆ. ಇದು ಯೋಗಶಾಸ್ತ್ರ ಕಣಯ್ಯಾ, ನಿಮಗೇನು ಗೊತ್ತಾಗುತ್ತೆ? ಮೀನಿಗೆ, ಏಡಿಗೆ ಹಿರಿಯರು ಏನಂತಿದ್ರು, ಅಷ್ಟು ಹೇಳು ಸಾಕು” ಎಂದರು.

ಮಾವ ನನ್ನಿಂದ ಮಜ್ಜಿಗೆ ತರಿಸಿ, ಅವರನ್ನು ಜಗುಲಿಯಲ್ಲಿ ಕೂರಿಸಿ, ಕೈಮುಗಿದು ಹೇಳಿದರು: “ಏಳು ಹೆಡೆ ಏಳು ಚಕ್ರ, ಬುದ್ಧೀ. ಮೀನು ಆಸೆ. ಏಡಿ ಕ್ರೋಧ. ನಮ್ ತಾತ ಕಣ್ಣೀರು ಹಾಕ್ಕೊಂಡು ಹೇಳೋರು.” ಪಂಡಿತರು ಅಕ್ಷರ ಬಿಡದೆ ಬರೆದುಕೊಂಡರು.

ಕಾರು ಮರೆಯಾದದ್ದೇ ಮಾವ ಎಲೆಅಡಿಕೆ ಉಗಿದು ನಕ್ಕರು. “ಬಟ್ಟೆ ಅವನು ಮಡೀಕಂಡ, ಅರ್ಥ ನಾನು ಮಡೀಕಂಡೆ. ಬಾಯ್ಬಿಟ್ಟೀಯ, ಜೋಕೆ!” ಬಿಡುವುದಿಲ್ಲವೆಂದು ಮಾತು ಕೊಟ್ಟೆ.

ಪಂಡಿತರ ಪುಸ್ತಕ ಬಂತು. ಏಡಿ ಕ್ರೋಧವೆಂದಿದ್ದ ಪುಟವನ್ನು ಮಾವ ನನ್ನಿಂದ ಎಷ್ಟು ಸಲ ಓದಿಸಿಕೊಂಡರೋ... ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪುಟದಲ್ಲಿ ಚಿತ್ರವಿರಲಿಲ್ಲ, ಬರೀ ವಿವರಣೆ.

ಮಾವ ಹೋದ ಮೇಲೆ ತೂಬಿನ ಕೆಲಸಕ್ಕೆ ಯಾರೂ ನಿಲ್ಲಲಿಲ್ಲ. ಮಣ್ಣು ಮೆತ್ತಿಸೋಣವೆಂದು ನಾನೇ ಆಳು ಕರೆದೆ. ಏಡಿ ಇದ್ದದ್ದು ಎರಡನೇ ತಿರುವಿನಲ್ಲೋ, ಮೂರರಲ್ಲೋ... ಎರಡು ಎಂದೆ. ಆ ಮಳೆಗೆ ಏರಿ ಒಡೆದು, ಕೆಳಗಿನ ಗದ್ದೆಗಳೆಲ್ಲ ಮರಳು ಪಾಲಾದವು.

ಗೆಳತಿಯ ಮನೆಯಲ್ಲಿ ಆ ಗಾಜಿನ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದೆ. ಮೂರನೇ ತಿರುವು. ಒಡೆದದ್ದೂ ಅಲ್ಲೇ.

“ಏನು ಅಷ್ಟೊಂದು ನೋಡ್ತಿದೀಯೇ? ಆ ಏಡಿ ಇದೆಯಲ್ಲ, ಅದು ಕ್ರೋಧ ಅಂತೆ” ಎಂದಳು ಗೆಳತಿ.

ಮಾವನಿಗೆ ಕೊಟ್ಟ ಮಾತು ನಾಲಿಗೆಯ ಮೇಲಿತ್ತು. ತಿದ್ದಲಿಲ್ಲ.

“ಹೌದು,” ಎಂದೆ. “ಕ್ರೋಧವೇ.”