ಕೊಳಕ್ಕೆ ಹಾಕದ ಬೆಲ್ಲ

ಚಿಕ್ಕವ್ವ ದೇವರಿಗೆಂದು ಕೊಟ್ಟು ಕಳಿಸಿದ ಬೆಲ್ಲವನ್ನು ನಾನು ತಿಂದೆ. ತಿಂದು, ಕೊಳಕ್ಕೆ ಹಾಕಿದೆ ಎಂದು ಹೇಳಿದೆ. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಒಂದು ಆಯುಷ್ಯವೇ ಬೇಕಾಯಿತು — ಅದೂ ಕೇಳಿಸಿಕೊಳ್ಳಬೇಕಾದವಳು ಹೋದ ಮೇಲೆ.

ಚಿಕ್ಕವ್ವ ನನ್ನ ಅಪ್ಪನ ತಮ್ಮನ ಹೆಂಡತಿ. ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ನಮ್ಮದು ಕೂಡು ಕುಟುಂಬ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳ ಕತ್ತಿನ ಹಿಂದೆ ಒಂದು ಗಡ್ಡೆ ಎದ್ದಿತ್ತು. ಮೊದಲು ಗೋಲಿಯಷ್ಟಿದ್ದದ್ದು ಬರಬರುತ್ತಾ ನಿಂಬೆಹಣ್ಣಿನಷ್ಟಾಯಿತು. ನೋವಿಲ್ಲ, ಕೀವಿಲ್ಲ. ಆದರೆ ತಾಳಿಯ ದಾರ ಅದಕ್ಕೆ ಉಜ್ಜುತ್ತಿತ್ತು, ಜನರ ಕಣ್ಣು ಅದಕ್ಕಿಂತ ಹೆಚ್ಚು ಉಜ್ಜುತ್ತಿತ್ತು. ಬೇಸಿಗೆಯ ಉರಿಯಲ್ಲೂ ಸೆರಗನ್ನು ಕತ್ತಿಗೆ ಸುತ್ತಿಕೊಂಡು ತಲೆ ತಗ್ಗಿಸಿಯೇ ನಡೆಯುತ್ತಿದ್ದಳು. ಮದುವೆಮನೆಗೆ ಹೋದರೂ ಒಲೆಯ ಹತ್ತಿರವೇ ಉಳಿದುಬಿಡುತ್ತಿದ್ದಳು.

ಇಂಥ ಗಡ್ಡೆಗೆ ನಮ್ಮ ಕಡೆ ಒಂದು ಹರಕೆಯಿತ್ತು. ದೇವರ ಕೊಳಕ್ಕೆ ಬೆಲ್ಲದ ಅಚ್ಚು ಹಾಕಿದರೆ, ಬೆಲ್ಲ ಕರಗಿದ ಹಾಗೆ ಗಡ್ಡೆಯೂ ಕರಗುತ್ತದೆ ಎಂದು ನಂಬಿಕೆ. ಆ ಬೆಲ್ಲಕ್ಕೆ ಎಂಜಲು ತಾಗಬಾರದು, ಹಾಕಿದ ಮೇಲೆ ಹಿಂತಿರುಗಿ ನೋಡಬಾರದು. ಅಜ್ಜಿ ನನ್ನನ್ನು ಕರೆದುಕೊಂಡು ಮಳವಳ್ಳಿ ಕಡೆಯ ಒಂದು ದೇವಸ್ಥಾನಕ್ಕೆ ಹೊರಟಾಗ ಚಿಕ್ಕವ್ವ ತುಂಬಿದ ಬಸುರಿ, ಬಸ್ಸು ಹತ್ತುವಂತಿರಲಿಲ್ಲ. ಬಾಳೆಲೆಯಲ್ಲಿ ಬೆಲ್ಲ ಸುತ್ತಿ ನನ್ನ ಕೈಗೆ ಕೊಟ್ಟಳು.

ಆಲೆಮನೆಯಿದ್ದ ಮನೆಯ ಹುಡುಗಿಗೆ ಬೆಲ್ಲಕ್ಕೇನು ಬರ ಎಂದು ನೀವು ಕೇಳಬಹುದು. ಬರವಿರಲಿಲ್ಲ. ದರ್ಶನವಾಗುವ ತನಕ ಬಾಯಿಗೆ ಏನೂ ಹಾಕಬಾರದೆಂದು ಅಜ್ಜಿ ಕಟ್ಟುಮಾಡಿದ್ದಳು, ಬಸ್ಸು ತಡವಾಗಿತ್ತು, ಬಿಸಿಲು ನೆತ್ತಿಗೇರಿತ್ತು. ಅಜ್ಜಿ ಪೂಜೆಯ ಸಾಲಿನಲ್ಲಿ ನಿಂತಳು. ನಾನೊಬ್ಬಳೇ ಕೊಳದ ಮೆಟ್ಟಿಲಿಳಿದು ಎಲೆ ಬಿಚ್ಚಿದೆ. ಒಂದು ಮೂಲೆ ಕಚ್ಚಿದೆ, ಅಷ್ಟೇ. ಕಚ್ಚಿದ ಮೇಲೆ ಅದು ಎಂಜಲು. ಎಂಜಲನ್ನು ದೇವರಿಗೆ ಹಾಕುವಂತಿಲ್ಲ. ಹಾಗಾಗಿ ಉಳಿದದ್ದನ್ನೂ ತಿಂದು ಮುಗಿಸಿದೆ — ನನ್ನ ಧರ್ಮಬುದ್ಧಿ ಅಂಥದ್ದು! ಕೊಳದ ಹಸಿರು ನೀರು ಅಲುಗದೆ ನನ್ನನ್ನೇ ನೋಡುತ್ತಿದೆ ಎನ್ನಿಸಿ, ಮೆಟ್ಟಿಲು ಹತ್ತಿ ಓಡಿದೆ.

ಮನೆಗೆ ಬಂದಾಗ ಚಿಕ್ಕವ್ವ ಬಾಗಿಲಲ್ಲೇ ನಿಂತಿದ್ದಳು.

"ಆಕ್ದಾ ಮಗ?"

"ಆಕ್ದೆ ಕಣ್ ಚಿಕ್ಕವ್ವ."

"ಇಂದುಕ್ ತಿರುಗಿ ನೋಡ್ನಿಲ್ಲ ತಾನೆ?"

"ಇಲ್ಲ ಕಣ್ ಚಿಕ್ಕವ್ವ."

ಅವಳು ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು.

ಗಡ್ಡೆ ಕರಗಲಿಲ್ಲ. ವರ್ಷ ಕಳೆದ ಮೇಲೆ ಒಂದು ದಿನ ಅವಳೇ ಕಾರಣ ಕಂಡುಕೊಂಡಳು. "ನಂದೇ ತಪ್ಪು ಕಣವ್ವ. ಬೆಲ್ಲ ಸುತ್ತುವಾಗ ಪುಡಿ ಅಂಟ್ಕಂಡಿತ್ತು, ಬೆರಳು ನೆಕ್ಬುಟ್ಟಿದ್ದೆ. ಎಂಜ್ಲಾಗೋಯ್ತು. ದೇವ್ರು ಮುಟ್ನಿಲ್ಲ. ಇನ್ನು ಈ ಜನ್ಮದಾಗೆ ನಾನು ಬೆಲ್ಲ ಮುಟ್ಟಕಿಲ್ಲ, ಬುಡು."

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ — ಆದರೆ ಅಜ್ಜಿ ಅಲ್ಲೇ ಕೂತಿದ್ದಳು, ನನಗೆ ಏಟಿನ ಭಯ... ಸುಮ್ಮನಾದೆ. ಚಿಕ್ಕವ್ವ ಆಡಿದಂತೆಯೇ ನಡೆದಳು. ಹಬ್ಬಕ್ಕೆ ಊರಿಗೆಲ್ಲ ಸಾಲುವಷ್ಟು ಒಬ್ಬಟ್ಟು ತಟ್ಟಿ, ತಾನು ಒಂದು ಚೂರೂ ಬಾಯಿಗಿಡುತ್ತಿರಲಿಲ್ಲ. ಆಪರೇಷನ್ ಮಾಡಿಸೋಣವೆಂದರೆ "ದೇವ್ರೇ ಬ್ಯಾಡ ಅಂದದ್ದ ಡಾಕ್ಟ್ರು ಕುಯ್ದಾರಾ?" ಎನ್ನುತ್ತಿದ್ದಳು. ನನ್ನ ಒಂದು ಮಾತು ಅವಳನ್ನು ಬಿಡಿಸಬಹುದಿತ್ತು. ನಾನು ಆ ಮಾತನ್ನು ಆಡದೆ ವರ್ಷಗಟ್ಟಲೆ ಅವಳ ಕೈಯ ಊಟ ಉಂಡೆ.

ದಶಕ ಮುಗಿಯುವ ಹೊತ್ತಿಗೆ ಚಿಕ್ಕಪ್ಪನ ತಾಳ್ಮೆಯೂ ಮುಗಿಯಿತು. ಬೈದು ಬಸ್ಸು ಹತ್ತಿಸಿ ಮಂಡ್ಯದ ಒಂದು ಆಸ್ಪತ್ರೆಗೆ ಕರೆದೊಯ್ದ. ಓದಿದವಳೆಂದು ನಾನೂ ಜೊತೆಗೆ. ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, "ಇದು ಬರೀ ಕೊಬ್ಬಿನ ಗಡ್ಡೆ ಕಣಮ್ಮ, ಏನೂ ಮಾಡಲ್ಲ. ತೆಗೆದುಬಿಡೋಣ" ಎಂದರು. ಚಿಕ್ಕವ್ವ ನನ್ನ ಕೈ ಬಿಡಲೇ ಇಲ್ಲ. ಕೊನೆಗೆ ನನ್ನನ್ನೂ ಒಳಗೆ ಬಿಟ್ಟು, ತಲೆಯ ಹತ್ತಿರ ಕೂರಿಸಿದರು.

ಅಲ್ಲಿ ಕಂಡದ್ದನ್ನು ಇವತ್ತಿಗೂ ನೆನೆದರೆ ರೋಮ ನಿಮಿರುತ್ತದೆ. ಅವಳನ್ನು ಬೋರಲು ಮಲಗಿಸಿ, ಕತ್ತು ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಎಚ್ಚರವಾಗಿಯೇ ಇದ್ದಳು! ಮಾತಾಡುತ್ತಿರಿ ಎಂದದ್ದಕ್ಕೆ ತನ್ನ ಎಮ್ಮೆಯ ಹಟಮಾರಿತನದ ಕಥೆ ಶುರುಮಾಡಿದಳು. ಇತ್ತ ಡಾಕ್ಟರು ಚರ್ಮದ ಮೇಲೆ ಒಂದು ಗೆರೆ ಎಳೆದರು. ಒಂದಿಷ್ಟು ರಕ್ತ, ಒರೆಸಿದರು. ಬೆರಳು ಆಡಿಸಿ ಸುತ್ತಲೂ ಬಿಡಿಸಿದರು, ಎರಡೂ ಬದಿಯಿಂದ ಮೆಲ್ಲಗೆ ಒತ್ತಿದರು — ಬಂತು. ಇಡಿಯಾಗಿ, ಹಸುವಿನ ಬೆಣ್ಣೆಯ ಬಣ್ಣದ ಉಂಡೆ, ಹೊರಡಲು ತಾನೇ ಕಾದಿತ್ತೇನೋ ಎಂಬಂತೆ ಜಾರಿ ಬಂತು. ಅವಳ ಎಮ್ಮೆ ಇನ್ನೂ ಹಾಲು ಕೊಟ್ಟಿರಲಿಲ್ಲ! ಮನುಷ್ಯನ ಕೈಗೆ ಇಂಥದ್ದೂ ಸಾಧ್ಯವೇ ಎಂದು ನಾನು ಉಸಿರು ಮರೆತು ನೋಡಿದೆ. ದೇವಸ್ಥಾನದಲ್ಲಿ ಬಾರದ ಭಕ್ತಿ ನನಗೆ ಅಲ್ಲಿ ಬಂತು.

ಹೊಲಿಗೆ ಹಾಕಿ ಎಬ್ಬಿಸಿದ ಮೇಲೆ ಅವಳು ಅದನ್ನು ತೋರಿಸಿ ಎಂದಳು. ತಟ್ಟೆಯನ್ನು ಬಹಳ ಹೊತ್ತು ನೋಡಿದಳು.

"ಅಯ್ ಸಿವನೆ, ಇಷ್ಟೇಯಾ? ಇದುಕ್ಕಾ ನಾನು ಇಷ್ಟು ವರ್ಸ ತಲೆ ತಗ್ಗಿಸ್ಕಂಡಿದ್ದು?"

ಹಾಗೆಂದು ಡಾಕ್ಟರಿಗೆ ಕೈಮುಗಿದು ಅತ್ತಳು. ಹೊಲಿಗೆ ಬಿಚ್ಚಿಸಿಕೊಂಡು ಬರುವಾಗ ಬಸ್ಸಿನ ಗಾಳಿಗೆ ಸೆರಗು ಜಾರಿತು, ಅವಳು ಎಳೆದುಕೊಳ್ಳಲಿಲ್ಲ. ಆ ಬರಿಯ ಕತ್ತನ್ನು ನೋಡುತ್ತಾ ನನ್ನ ಪಾಪವನ್ನೂ ಕತ್ತರಿಸಿ ತೆಗೆದರು ಎಂದುಕೊಂಡೆ. "ಇನ್ನೇನ್ ಚಿಕ್ಕವ್ವ, ಇನ್ಮೇಲೆ ಬೆಲ್ಲ ತಿನ್ನು" ಎಂದು ನಕ್ಕೆ.

ಅವಳು ನಗಲಿಲ್ಲ. "ಗಡ್ಡೆ ತಗದದ್ದು ಡಾಕ್ಟ್ರು ಕಣವ್ವ, ದೇವ್ರಲ್ಲ. ಅವನ ಕ್ವಾಪ ಅಂಗೇ ಅದೆ" ಎಂದಳು.

ಅಲ್ಲೂ ನಾನು ಹೇಳಲಿಲ್ಲ. ಆಗ ಏಟಿನ ಭಯವಿರಲಿಲ್ಲ. ಅವಳ ಕಣ್ಣಿನಲ್ಲಿ ಸಣ್ಣವಳಾಗುವ ಭಯ. ಮುಂದೆ ನಾನು ಮೇಷ್ಟ್ರಮ್ಮನಾದೆ, ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಪಾಠವನ್ನೂ ಮಾಡಿದೆ.

ಚಿಕ್ಕವ್ವ ತುಂಬು ಬಾಳು ಬಾಳಿ ತೀರಿಕೊಂಡಳು. ತಿಥಿಯ ದಿನ, ಸತ್ತವರಿಗೆ ಪ್ರಿಯವಾದದ್ದನ್ನೆಲ್ಲ ಎಲೆಯ ಮೇಲೆ ಎಡೆಯಿಡುತ್ತಿದ್ದೆವು. ಯಾರೋ ಒಬ್ಬಟ್ಟು ತಂದರು. ಅವಳ ಸೊಸೆ ತಡೆದಳು. "ಬ್ಯಾಡಿ, ನಮ್ಮತ್ತೆ ಬೆಲ್ಲ ತಿಂತಿರ್ನಿಲ್ಲ. ಅವರ್ಗೆ ಸೇರ್ತಿರ್ನಿಲ್ಲ."

ಸೇರುತ್ತಿತ್ತು. ಎಷ್ಟು ಸೇರುತ್ತಿತ್ತೆಂದರೆ, ಬೆರಳಿಗಂಟಿದ ಪುಡಿಯನ್ನೂ ಬಿಡಲಾರದಷ್ಟು. ಆ ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಒಬ್ಬಟ್ಟಿನ ತಟ್ಟೆ ಒಳಗೆ ಹೋಯಿತು. ಎಲ್ಲರ ಜೊತೆ ನಾನೂ ಕೈಮುಗಿದು ನಿಂತೆ.