ಕತ್ತರಿಸಿದ ಸಾಲನ್ನು ಮರಳಿ ಕೂಡಿಸಿದ ಗೆರ್ಲಿಂಡೆ ಹಾಸ್ಲಿಂಗರ್

ನಮ್ಮ ವೈಡೆನ್‌ಬರ್ಗಿನ ಹೆಸರು ಹಳೆಯ ಸಾಹಿತ್ಯದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಕೇಳಿದರೆ ಡ್ಯಾನ್ಯೂಬ್ ನದಿಯ ಉದ್ದಕ್ಕೂ ತಡವರಿಸದೆ ಉತ್ತರಿಸಬಲ್ಲವರು ಒಬ್ಬರೇ; ಅವರು ಈ ವಸಂತದಲ್ಲಿ ನಗರದ ಪತ್ರಾಗಾರದಿಂದ ನಿವೃತ್ತರಾಗುತ್ತಿರುವ ಡಾ. ಗೆರ್ಲಿಂಡೆ ಹಾಸ್ಲಿಂಗರ್ ಅವರು. ದೋಣಿಕಾರರ ಲಾವಣಿ, ಯಾತ್ರಿಕರ ದಿನಚರಿ, ದ್ರಾಕ್ಷಾರಸದ ವ್ಯಾಪಾರಿಯ ಪತ್ರ, ಯಾವುದರಲ್ಲೇ ಆಗಲಿ, ಊರನ್ನು ಹೊಗಳಿದ ಅಥವಾ ಬೈದ ಒಂದೇ ಸಾಲಿಗಾಗಿ ಅವರು ಮೂವತ್ತೇಳು ವರ್ಷ ಕಣ್ಣು ಸವೆಸಿದರು.

ಪೇಟೆಯವರು ಬೂಟಿನ ಕೆಸರು ನೋಡಿ ಮೂಗು ಮುರಿಯುತ್ತಿದ್ದ, ನದಿಯ ಸೇತುವೆ ದಾಟಿ ಬರುವ ನಮ್ಮ ಆಚೆದಡದ ಜನಕ್ಕೆ ಪತ್ರಾಗಾರದಲ್ಲಿ ಕುರ್ಚಿ ಎಳೆದು ಕೊಟ್ಟವರು ಅವರು. ಶಾಲೆ ಅರ್ಧಕ್ಕೇ ಬಿಟ್ಟ ನಮ್ಮ ಕಲ್ಲುಕುಟಿಗ ಕಾಯೆಟಾನ್ ಬ್ರೆಮ್‌ಗೆ ಮೂರು ಚಳಿಗಾಲ ಹಳೆಯ ಲಿಪಿ ಕಲಿಸಿದರು. ತಮ್ಮ ಡಬ್ಬಿಯ ರೊಟ್ಟಿ, ಮೂಲಂಗಿಯಲ್ಲಿ ಅರ್ಧ ಅವನಿಗೇ.

ಕೆಲಸಕ್ಕೆ ಸೇರಿದ ವರ್ಷ ಅವರು ನಗರೋತ್ಸವದ ಹೊತ್ತಗೆಗೆ ಒಬ್ಬ ಯಾತ್ರಿಕ ಸಂನ್ಯಾಸಿಯ ಸಾಲು ಹುಡುಕಿ ಕೊಟ್ಟಿದ್ದರು: "ಬಂದವರಿಗೆಲ್ಲ ಬಾಗಿಲು ತೆರೆದ ಊರು." ಅಲ್ಲಿಂದ ಮುಂದೆ ಬಿಯರ್ ಲೋಟದ ಮೇಲೂ ಅದೇ, ಬ್ರೆಡ್ಡಿನ ಚೀಲದ ಮೇಲೂ ಅದೇ. ಆ ಸಂನ್ಯಾಸಿಯ ಕಾಲದಲ್ಲಿ ಬಂದ ದೊಡ್ಡ ನೆರೆಯ ದಿನ ಪೇಟೆಯವರು ಸೇತುವೆಯ ಬಾಗಿಲು ಹಾಕಿಕೊಂಡು ನಮ್ಮವರನ್ನು ನೀರಿಗೆ ಬಿಟ್ಟರೆಂದು ಆಚೆದಡದ ಅಜ್ಜಿಯರು ಹೇಳುತ್ತಲೇ ಬಂದರು. ಪೇಟೆ ಅದನ್ನು ಅಜ್ಜಿಕಥೆ ಎಂದು ನಕ್ಕಿತು.

ಕಳೆದ ಶರತ್ಕಾಲದಲ್ಲಿ ಆ ಸಾಲನ್ನು ನೆರೆ ತಡೆಯಲು ಕಟ್ಟಿದ ಹೊಸ ಗೋಡೆಯ ಮೇಲೆ ಕೆತ್ತಿಸಲು ನಗರಸಭೆ ಹೊರಟಿತು. ಉಳಿ ಹಿಡಿದವನು ಕಾಯೆಟಾನ್. ಗೆರ್ಲಿಂಡೆಯವರು ಅವನನ್ನು ತಡೆದು, ಸಭೆಗೆ ಕರೆದುಕೊಂಡು ಹೋಗಿ, ಸಂನ್ಯಾಸಿಯ ಮೂಲ ಹಾಳೆಯನ್ನು ಮೇಜಿನ ಮೇಲೆ ಹರಡಿದರು.

"ಇದು ಅರ್ಧ ಸಾಲು. ಉಳಿದರ್ಧ ಕತ್ತರಿಸಿದೋಳು ನಾನೇ. ಹೊಸ ಕೆಲಸ, ಹಬ್ಬದ ಪುಸ್ತಕ, ಹೆದರಿಬಿಟ್ಟೆ" ಎಂದರು. ಆಮೇಲೆ ಪೂರ್ತಿ ಓದಿದರು: "ಬಂದವರಿಗೆಲ್ಲ ಬಾಗಿಲು ತೆರೆದ ಊರು, ನೀರು ಏರಿದ ದಿನ ಆಚೆದಡದವರಿಗೆ ಮಾತ್ರ ಮುಚ್ಚಿತು."

ಮೇಯರ್ ಮೆಲ್ಲಗೆ, "ಡಾಕ್ಟರಮ್ಮ, ಇನ್ನು ಆರು ವಾರಕ್ಕೆ ನಿಮಗೆ ನಗರದ ಪದಕ. ಈಗ್ಯಾಕೆ ಹಳೇ ಹುಣ್ಣು ಕೆರೀತೀರಿ?" ಎಂದರು.

"ಹುಣ್ಣು ನಿಮ್ಮದಲ್ವಲ್ಲ ಸಾಹೇಬ್ರೇ, ಅದಕ್ಕೇ ನಿಮಗೆ ನವೆ ಇಲ್ಲ."

"ಗೋಡೇಲಿ ಅಷ್ಟು ಜಾಗ ಎಲ್ಲಿದೆ?" ಎಂದು ಇನ್ನೊಬ್ಬ ಸದಸ್ಯರು ಗೊಣಗಿದರು.

"ಕಲ್ಲಲ್ಲಿ ಜಾಗ ಇದೆ ಸ್ವಾಮಿ, ನಿಮ್ಮ ಎದೇಲಿ ಇದ್ಯೋ ನೋಡ್ಕೊಳಿ" ಎಂದ ಕಾಯೆಟಾನ್.

ನಗರಸಭೆ ಸಾಲನ್ನೇ ಕೈಬಿಟ್ಟಿತು. ಪದಕವೂ ಈ ವರ್ಷ ಯಾರಿಗೂ ಇಲ್ಲವೆಂದು ತೀರ್ಮಾನವಾಯಿತು. ಮೂವತ್ತೇಳು ವರ್ಷ ದುಡಿದವರಿಗೆ ಒಂದು ಹೂಗುಚ್ಛವನ್ನೂ ಕೊಡದ ಆ ಮಹನೀಯರಿಗೆ ನಾಚಿಕೆ ಎಂಬುದು ಯಾವ ನೆರೆಯಲ್ಲಿ ಕೊಚ್ಚಿಹೋಯಿತೋ! ಆದ್ದರಿಂದಲೇ ಈ ಅಭಿನಂದನ ಗ್ರಂಥವನ್ನು ಆಚೆದಡದವರಾದ ನಾವು ತರುತ್ತಿದ್ದೇವೆ.

ನೀರು ಎಲ್ಲಿಯವರೆಗೆ ಬಂತೆಂದು ಮನೆಯ ಗೋಡೆಯಲ್ಲಿ ಗೆರೆ ಕೊರೆದು ಇಸವಿ ಬರೆಯುವುದು ನಮ್ಮ ಎರಡೂ ದಡಗಳ ಪದ್ಧತಿ. ನಮ್ಮ ಮೀನುಗಾರರ ಕೇರಿಯ ಗೋಡೆಯಲ್ಲಿ, ಆ ದೊಡ್ಡ ನೆರೆಯ ಗೆರೆಯ ಮೇಲೆಯೇ, ಪೇಟೆಗೆ ಎದುರಾಗಿ, ಕಾಯೆಟಾನ್ ಪೂರ್ತಿ ಸಾಲು ಕೆತ್ತಿದ. ಕಡೆಯ ಅಕ್ಷರದವರೆಗೂ ಗೆರ್ಲಿಂಡೆಯವರು ಡಬ್ಬಿ ಹಿಡಿದು ಪಕ್ಕದಲ್ಲೇ ಕುಳಿತಿದ್ದರು. "ನನ್ನ ತಪ್ಪಿಗೂ ಒಂದು ಗೆರೆ ಬೇಕಿತ್ತು ಕಣಪ್ಪ" ಎಂದರು. ಮೂಲಂಗಿಯಲ್ಲಿ ಆ ದಿನವೂ ಅರ್ಧ ಅವನಿಗೇ.

ಅವರು ನೂರ್ಕಾಲ ಬಾಳಲಿ. ಪತ್ರಾಗಾರದಲ್ಲಿ ಇನ್ನೂ ಹನ್ನೊಂದು ಪೆಟ್ಟಿಗೆಗಳು ಬಿಚ್ಚದೆ ಉಳಿದಿವೆಯಂತೆ. ಅವುಗಳಲ್ಲಿ ನಮ್ಮನ್ನು ಬೈದ ಸಾಲುಗಳಿದ್ದರೂ ಇರಲಿ. ಪೂರ್ತಿ ಓದಿ ಹೇಳಲು ಅವರಿರಲಿ, ಕೇಳಲು ಆಚೆದಡದಲ್ಲಿ ಅವರಿಗಾಗಿ ಒಂದು ಕುರ್ಚಿ ಎಳೆದಿಟ್ಟು ನಾವಿರುತ್ತೇವೆ.