ಎತ್ತರ ಬಿಟ್ಟೆವು, ಬಟ್ಟೆ ಬಿಡಲಿಲ್ಲ

1991ರಲ್ಲಿ ನಾನು ಓದು ನಿಲ್ಲಿಸಿದೆ, ಎಂಟನೇ ಕ್ಲಾಸಿನ ನಡುವೆ. ನನ್ನನ್ನು ಯಾರೂ ಬಿಡಿಸಲಿಲ್ಲ. ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಮ್ಮಪ್ಪನದು ಶಾಮಿಯಾನದ ಅಂಗಡಿ. ಆ ವರ್ಷ ಮದುವೆಗಳು ಒಂದರ ಮೇಲೊಂದು ಬಂದವು, ಹಗ್ಗ ಕಟ್ಟುವ ಕೈ ಸಾಲಲಿಲ್ಲ. ಒಂದು ವಾರ ಶಾಲೆ ತಪ್ಪಿಸಿದೆ. ಆ ವಾರ ಇನ್ನೂ ಮುಗಿದಿಲ್ಲ. ಅದಕ್ಕೆ ನನಗೆ ಬೇಸರವೂ ಇಲ್ಲ. ಒಂದು ಬಯಲಿನ ಮುಂದೆ ನಿಂತರೆ ಎಷ್ಟು ಕಂಬ, ಎಷ್ಟು ಹಗ್ಗ, ಬಾಗಿಲು ಯಾವ ಕಡೆ ಎಂದು ಟೇಪು ಬಿಚ್ಚದೆ ಹೇಳುತ್ತೇನೆ. ಮದುವೆಗೆ ನಾನೇ, ನಾಮಕರಣಕ್ಕೆ ನಾನೇ, ಸಾವಿನ ಮನೆ ಮುಂದೆಯೂ ನಾನೇ. ಕಂಬ ಎಲ್ಲಕ್ಕೂ ಒಂದೇ, ಬಟ್ಟೆ ಮಾತ್ರ ಬೇರೆ.

ಈ ಕೆಲಸದಲ್ಲಿ ಐದು ವರ್ಷ ನಾನು ಕುವೈತ್‌ನಲ್ಲಿದ್ದೆ. ಕಳೆದ ತಿಂಗಳು ಆ ಊರು ಮತ್ತೆ ನನ್ನನ್ನು ಕರೆಯಿತು. ಕರೆದವರು ಗೌಸ್ ಭಾಯ್. ಶಿವಾಜಿನಗರದವರು, ರಸೆಲ್ ಮಾರ್ಕೆಟ್ಟಿನ ಹತ್ತಿರ ಕೂತು ನಮ್ಮಪ್ಪನ ಕಾಲದಿಂದ ನಮಗೆ ಶಾಮಿಯಾನದ ಬಟ್ಟೆ ಹೊಲಿದುಕೊಡುತ್ತಿದ್ದವರು. ನನಗಿಂತ ಮೊದಲು ಅವರು ಅಲ್ಲಿಗೆ ಹೋದರು. ಈಗಲೂ ಅಲ್ಲೇ ಇದ್ದಾರೆ.

"ರಾಜು, ಇನ್ನೂ ಎಷ್ಟು ದಿನ ಆ ಗಲ್ಲೀಲಿ ಪೈಪು ಉಜ್ಜುತಾ ಕೂತಿರ್ತೀಯೋ? ನಾನು ಸ್ವಂತ ಟೆಂಟಿನ ಕೆಲಸ ಶುರು ಮಾಡಿದೀನಿ. ನೀನು ಪಾರ್ಟ್‌ನರ್. ಅಂಗಡಿ ಮುಚ್ಚಿ ಬಂದ್ಬಿಡು. ಭಾಬೀನೂ ಕರ್ಕೊಂಡು ಬಾ. ಜಾಸ್ತಿ ಯೋಚ್ನೆ ನಕ್ಕೋ, ಬೇಡ್ವೇ ಬೇಡ."

ಫೋನು ಸ್ಪೀಕರಿನಲ್ಲಿತ್ತು. ನನ್ನ ಹೆಂಡತಿ ಲಕ್ಷ್ಮಿ ಸೊಪ್ಪು ಬಿಡಿಸುತ್ತಿದ್ದಳು.

"ಗೌಸಣ್ಣ, ಅಲ್ಲಿ ನಲ್ಲೀಲೇ ಬಿಸಿನೀರು ಬರುತ್ತಂತಲ್ಲ, ನಿಜಾನಾ?"

"ಬಿಸಿನೀರಾ? ಜುಲೈನಲ್ಲಿ ಟೀ ಪುಡಿ ಹಾಕಿ ಸಾಕು ಭಾಬಿ, ಟೀ ರೆಡಿ."

"ಹಂಗಾದ್ರೆ ಗ್ಯಾಸ್ ಉಳೀತು. ಬರ್ತೀವಿ ಬಿಡಿ."

ನಕ್ಕಳು. ಫೋನು ಇಟ್ಟ ಮೇಲೆ ಮಾತ್ರ ನಗದೆ ಕೇಳಿದಳು: "ಹೋಗ್ತೀವಾ?" ಒಂದು ವಾರ ಸಮಯ ಕೇಳಿದೆ. ಆ ವಾರವೆಲ್ಲ ನನ್ನ ಕಣ್ಣ ಮುಂದೆ ಬಂದದ್ದು ಒಂದೇ ಸಂಜೆ. ಅದನ್ನೇ ಬರೆಯುತ್ತಿದ್ದೇನೆ.

ನಾನು ಕುವೈತ್‌ಗೆ, ಗೌಸ್ ಭಾಯ್ ಆಗ ಕೆಲಸಕ್ಕಿದ್ದ ಟೆಂಟ್ ಕಂಪನಿಗೆ, ಹೋದದ್ದು 2012ರಲ್ಲಿ. ಬೆಂಗಳೂರಿನಲ್ಲಿ ರಸ್ತೆಗೆ ಅಡ್ಡವಾಗಿ ಪೆಂಡಾಲ್ ಹಾಕುವ ಕಾಲ ಆಗಲೇ ಮುಗಿಯುತ್ತಾ ಬಂದಿತ್ತು. ಮದುವೆಗಳು ದೊಡ್ಡ ಛತ್ರಗಳಿಗೆ ಹೋದವು, ಆ ಛತ್ರದವರಿಗೆ ಅವರವರದೇ ಡೆಕೊರೇಟರುಗಳು. ಅಪ್ಪ ಇನ್ನೂ ಗಟ್ಟಿಯಾಗಿದ್ದರು. "ಅಂಗಡಿ ನಾನು ನೋಡ್ಕೋತೀನಿ, ನೀನು ಮರಳಿನಲ್ಲಿ ಕಂಬ ನಿಲ್ಲಿಸಿ ತೋರಿಸು ಹೋಗು" ಎಂದರು. ಅದರಲ್ಲಿ ಅರ್ಧ ಆಶೀರ್ವಾದ, ಅರ್ಧ ಸವಾಲು.

ಮರಳು ಮೊದಲ ತಿಂಗಳೇ ನನಗೆ ಬುದ್ಧಿ ಕಲಿಸಿತು. ನಮ್ಮ ಕಡೆ ಗೂಟ ಹೊಡೆದ ಮೇಲೆ ಬುಡಕ್ಕೆ ಒಂದು ಕೊಡ ನೀರು ಹುಯ್ದು ಕಾಲಲ್ಲಿ ತುಳಿಯುತ್ತೇವೆ. ನಮ್ಮ ಕೆಂಪು ಮಣ್ಣು ಕಚ್ಚಿಕೊಳ್ಳುತ್ತದೆ. ಅಲ್ಲಿಯೂ ಹಾಗೇ ಮಾಡಿದೆ. ಬೆಳಗ್ಗೆ ಗೂಟ ಸಿಮೆಂಟಿನಲ್ಲಿ ಇಟ್ಟ ಹಾಗಿತ್ತು. ಮಧ್ಯಾಹ್ನ ಮರಳು ಒಣಗಿದಾಗ ಎರಡು ಬೆರಳಲ್ಲಿ ಎತ್ತಿದರೆ ಕೈಗೆ ಬಂತು. ಗೌಸ್ ಭಾಯ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲ್ಲಿ ಗೂಟ ನಂಬಬಾರದು ಮಗಾ, ಭಾರ ನಂಬಬೇಕು." ಅಲ್ಲಿನ ಕ್ರಮ ಹೀಗೆ: ಮೊಣಕಾಲುದ್ದ ಗುಂಡಿ ತೋಡಿ, ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಅದನ್ನು ಹೂಳುವುದು. ಹಗ್ಗದ ಇನ್ನೊಂದು ತುದಿಗೆ ಟೆಂಟು. ಗಾಳಿ ಎಳೆದಷ್ಟೂ ಮೇಲಿನ ಮರಳೇ ಚೀಲವನ್ನು ಅದುಮಿ ಹಿಡಿಯುತ್ತದೆ.

ಆ ಊರು ನನಗೆ ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ. ಅದಕ್ಕೆ ಎಲ್ಲರೂ ಗೀಸರಿನ ಸ್ವಿಚ್ಚು ಆರಿಸಿಬಿಡುತ್ತಾರೆ. ಗೀಸರಿನೊಳಗೆ ನಿಂತ ನೀರು ಕೋಣೆಯ ಏಸಿಗೆ ತಣ್ಣಗಾಗಿರುತ್ತದೆ. ಹಾಗಾಗಿ ಸ್ನಾನಕ್ಕೆ ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು! ಇದನ್ನು ಲಕ್ಷ್ಮಿಗೆ ಫೋನಿನಲ್ಲಿ ಹೇಳಿದಾಗ "ಬಿಸಿಲು ತಲೆಗೆ ಹತ್ತಿದೆ, ಟೋಪಿ ಹಾಕ್ಕೊಳ್ರೀ" ಎಂದಿದ್ದಳು. ಶುಕ್ರವಾರ ರಜೆ. ಸಂಜೆ ಸಮುದ್ರದ ದಂಡೆಗೆ ಹೋಗಿ ಕೂರುತ್ತಿದ್ದೆವು. ಅಷ್ಟು ದೊಡ್ಡ ಆಕಾಶ ನಾನು ಹಲಸೂರಿನಲ್ಲಿ ಕಂಡಿರಲಿಲ್ಲ. ಎಷ್ಟನೇ ಕ್ಲಾಸು ಓದಿದ್ದೀಯ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ.

ಈಗ ಆ ಸಂಜೆ. 2014ರ ಜುಲೈ, ರಂಜಾನ್ ತಿಂಗಳು. ಒಂದು ಚಿಕ್ಕ ಮಸೀದಿಯ ಪಕ್ಕದ ಖಾಲಿ ಮರಳಿನ ಸೈಟಿನಲ್ಲಿ ನಾವು ಇಫ್ತಾರ್ ಟೆಂಟು ಹಾಕಿದ್ದೆವು. ಉಪವಾಸ ಬಿಡುವ ಊಟಕ್ಕೆ ಪ್ರತಿ ಸಂಜೆ ಅಲ್ಲಿ ಸುಮಾರು ಇನ್ನೂರು ಕೂಲಿ ಕೆಲಸಗಾರರು ಬರುತ್ತಿದ್ದರು: ಬಂಗಾಲಿಗಳು, ತೆಲುಗರು, ಪಾಕಿಸ್ತಾನದವರು. ಊಟ ಹಾಕಿಸುತ್ತಿದ್ದವರು ಆ ಬೀದಿಯ ಒಬ್ಬ ಮುದುಕರು. ಎಲ್ಲರೂ ಅವರನ್ನು ಹಾಜಿ ಎನ್ನುತ್ತಿದ್ದರು. ಟೆಂಟು ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ. ಮೂರು ಸಾಲು ಕಂಬ, ನಡುವಿನ ಸಾಲು ಎತ್ತರ. ನಮ್ಮ ಫೋರ್‌ಮನ್ ಹಸನ್, ಈಜಿಪ್ಟಿನವನು, ಮುರುಕು ಹಿಂದಿ ಮಾತಾಡುತ್ತಿದ್ದ, ಮಾತು ಕಡಿಮೆ.

ಸೂರ್ಯ ಮುಳುಗಲು ಇನ್ನು ಅರ್ಧ ಗಂಟೆ ಇರಬೇಕು. ಜನ ಬಂದು ಕೂತಿದ್ದರು. ಉದ್ದಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಖರ್ಜೂರ, ಮಜ್ಜಿಗೆ, ಅನ್ನದ ತಟ್ಟೆಗಳು. ಅಷ್ಟರಲ್ಲಿ ವಾಯವ್ಯದ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಅಲ್ಲಿನವರು ಶಮಾಲ್ ಎನ್ನುವ ಒಣಗಾಳಿ. ಬಂದರೆ ಮರಳಿನ ಗೋಡೆಯೇ ನಡೆದು ಬಂದ ಹಾಗೆ.

ಹಸನ್ ಒಮ್ಮೆ ನೋಡಿದ, ಕೈ ಕೆಳಗೆ ಮಾಡಿದ. "ಟೆಂಟ್ ನೀಚೇ. ಖಲಾಸ್."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದೊಡ್ಡ ಗಾಳಿ ಬಂದರೆ ಟೆಂಟು ಇಳಿಸಬೇಕು, ಅದು ಕಂಪನಿಯ ನಿಯಮ. ಕಬ್ಬಿಣದ ಪೈಪು ಒಬ್ಬನ ತಲೆ ಮೇಲೆ ಬಿದ್ದರೆ ಯಾವ ಪುಣ್ಯವೂ ಅದನ್ನು ಸರಿಮಾಡುವುದಿಲ್ಲ. ಆದರೆ ಇನ್ನೂರು ಜನ ಎಲ್ಲಿಗೆ ಹೋಗಬೇಕು? ಮಸೀದಿಯೊಳಗೆ ಐವತ್ತು ಜನ ಹಿಡಿದರೆ ಹೆಚ್ಚು. ಅವರನ್ನು ಇಳಿಸಿದ ಬಸ್ಸುಗಳು ಊಟ ಮುಗಿದ ಮೇಲೆಯೇ ಬರುವುದು. ಬೆಳಗಿನ ಜಾವದಿಂದ ಒಂದು ಗುಟುಕು ನೀರಿಲ್ಲದೆ ಬಿಸಿಲಲ್ಲಿ ಕೆಲಸ ಮಾಡಿದ ಜನ. ಹಾಜಿ ತಟ್ಟೆಗಳ ಸಾಲನ್ನೇ ನೋಡುತ್ತಾ ನಿಂತರು.

ನಮ್ಮಪ್ಪನದೊಂದು ಕಟ್ಟುನಿಟ್ಟು ಇತ್ತು: ಉಣ್ಣುವವರ ತಲೆ ಮೇಲಿನ ಬಟ್ಟೆ ಬಿಚ್ಚಬಾರದು. ಲಾರಿ ಕಾಯಲಿ, ಮುಂದಿನ ಮನೆಯವರು ಬೈಯಲಿ, ಕೊನೆಯ ಪಂಕ್ತಿಯ ಕೊನೆಯವನು ಕೈ ತೊಳೆದ ಮೇಲೆಯೇ ಮೊದಲ ಗಂಟು ಬಿಚ್ಚುವುದು. ಒಂದು ಸಲ ಮೇ ತಿಂಗಳಲ್ಲಿ ಹಲಸೂರು ಕೆರೆ ಕಡೆಯಿಂದ ಬಿರುಗಾಳಿ ಎದ್ದಾಗ ಅಪ್ಪ ಬಿಚ್ಚಲಿಲ್ಲ, ಗಾಳಿ ಬರುವ ಕಡೆಯ ಕಂಬಗಳನ್ನು ಕಿತ್ತು ಬಟ್ಟೆಯ ಆ ಅಂಚನ್ನು ನೆಲಕ್ಕೆ ಮಲಗಿಸಿದರು. ಗಾಳಿ ಇಳಿಜಾರು ಹತ್ತಿ ಮೇಲೆ ಹೋಯಿತು. ಬಟ್ಟೆ ಉಳಿಯಿತು, ಊಟ ಉಳಿಯಲಿಲ್ಲ. ಟೇಬಲ್ಲು ಕುರ್ಚಿಯಲ್ಲಿ ಕೂತವರ ಎಲೆ ಮೇಲೆಯೇ ಬಟ್ಟೆ ಇಳಿದು, ಸಾರಿನಲ್ಲಿ ಅದ್ದಿ, ಎಲ್ಲರೂ ಎದ್ದು ಓಡಿದರು. ಆ ಕಥೆ ಹೇಳಿ ನೆಂಟರು ಅಪ್ಪನನ್ನು ವರ್ಷಗಟ್ಟಲೆ ಗೇಲಿ ಮಾಡಿದ್ದರು.

ಆದರೆ ಇಲ್ಲಿ ಟೇಬಲ್ಲೂ ಇಲ್ಲ, ಕುರ್ಚಿಯೂ ಇಲ್ಲ.

"ಭಾಯ್, ಪೂರ್ತಿ ಬಿಚ್ಚೋದು ಬೇಡ. ಮಲಗಿಸೋಣ" ಎಂದು ಗೌಸ್ ಭಾಯ್‌ಗೆ ಹೇಳಿದೆ.

"ಏನ್ ಮಲಗಿಸ್ತೀಯೋ?"

"ಗಾಳಿ ಬರೋ ಕಡೆ ಕಂಬ ತೆಗೆದು ಅಂಚು ನೆಲಕ್ಕೆ ಹಾಕೋಣ. ನಡುವಿನ ಕಂಬ ಕುಗ್ಗಿಸೋಣ. ಜನ ನೆಲದ ಮೇಲೆ ತಾನೇ ಕೂತಿರೋದು? ಎತ್ತರ ಯಾರಿಗೆ ಬೇಕು?"

"ಬಿದ್ರೆ ನಿನ್ನ ಜೊತೆ ನನ್ನನ್ನೂ ವಿಮಾನ ಹತ್ತಿಸ್ತಾರೆ. ನಿನ್ನ ಕರ್ಕೊಂಡು ಬಂದವನು ನಾನೇ, ನೆನಪಿರಲಿ."

"ಹಂಗಾದ್ರೆ ಇಬ್ರೂ ಕಿಟಕಿ ಸೀಟು ಕೇಳೋಣ."

ಬೈದುಕೊಳ್ಳುತ್ತಲೇ ಅವರು ಹಸನ್‌ಗೆ ಅದನ್ನು ಅರಬ್ಬಿಯಲ್ಲಿ ಹೇಳಿದರು. ಹಸನ್ ಆಕಾಶ ನೋಡಿದ, ಜನರನ್ನು ನೋಡಿದ. ಅವನಿಗೂ ಉಪವಾಸ, ತುಟಿ ಒಡೆದಿತ್ತು. ಅವನ ಉತ್ತರವನ್ನು ಗೌಸ್ ಭಾಯ್ ನನಗೆ ತಿರುಗಿಸಿ ಹೇಳಿದರು: "ಹತ್ತು ನಿಮಿಷ ಕೊಟ್ಟಿದಾನೆ. ಆಮೇಲೂ ಗಾಳಿ ಕಡೆ ಒಂದು ಕಂಬ ಕಂಡ್ರೆ ಎಲ್ರನ್ನೂ ಹೊರಗೆ ಓಡಿಸ್ತಾನಂತೆ. ಮೊದಲು ನಿನ್ನ."

ಜನರನ್ನು ಬದಿಗೆ ನಿಲ್ಲಿಸಿದೆವು. ಇನ್ನೂ ಯಾರೂ ತುತ್ತು ಎತ್ತಿರಲಿಲ್ಲ, ಹಾಗಾಗಿ ಅಪ್ಪನ ಮಾತು ಮುರಿದಂತೆಯೂ ಆಗಲಿಲ್ಲ. ಮೊದಲು ಕೂಲರುಗಳ ಕರೆಂಟು ತೆಗೆಸಿದೆ, ತೂಗುವ ದೀಪಗಳನ್ನು ಇಳಿಸಿದೆವು. ಆಮೇಲೆ ಗಾಳಿ ಕಡೆಯ ಸಾಲನ್ನು ಒಂದೊಂದಾಗಿ ಕಿತ್ತು ಪೈಪುಗಳನ್ನು ದೂರ ಎಸೆದೆವು. ನಡುವಿನ ಕಂಬಗಳು ಒಂದರೊಳಗೊಂದು ಕೂರುವ ಜೋಡಿ ಪೈಪು. ಪಿನ್ನು ಎಳೆದರೆ ಕುಗ್ಗುತ್ತವೆ. ಅವನ್ನು ಆಳೆತ್ತರಕ್ಕೆ ತಂದೆವು. ಹಿಂದಿನ ಕಡೆಯ ಪರದೆ ಪೂರ್ತಿ ತೆರೆದೆವು, ಒಳಗೆ ನುಗ್ಗಿದ ಗಾಳಿಗೆ ಹೋಗಲು ದಾರಿ ಇರಬೇಕಲ್ಲ. ಹಸನ್ ತಾನೇ ಕೊನೆಯ ಪಿನ್ನು ಎಳೆದ. ಜನ ಬಗ್ಗಿ ಒಳಗೆ ಬಂದು ಕೂತರು.

ಗಾಳಿ ಬಂತು. ಬೆಳಕು ಹೋಗಿ ಇಟ್ಟಿಗೆ ಗೂಡಿನೊಳಗೆ ಕೂತ ಹಾಗಾಯಿತು. ಬಟ್ಟೆ ನಿಂತಿತು, ಆದರೆ ನಾನು ಲೆಕ್ಕ ಹಾಕದ ಒಂದು ವಿಷಯವಿತ್ತು. ಹೂತ ಚೀಲಗಳು ದೂರ ದೂರ ಇದ್ದವು. ಎರಡು ಚೀಲಗಳ ನಡುವೆ ನೆಲಕ್ಕೆ ಮಲಗಿದ ಅಂಚು ಪಟಪಟ ಎದ್ದು, ಅದರಡಿ ಗಾಳಿ ನುಗ್ಗತೊಡಗಿತು. ಒಂದು ಕಡೆ ಪೂರ್ತಿ ಎದ್ದರೆ ಮುಗಿಯಿತು. ನಾನು ಮೂಲೆಯ ಹಗ್ಗ ಹಿಡಿದಿದ್ದೆ, ಬಿಡುವ ಹಾಗಿಲ್ಲ. ಗೌಸ್ ಭಾಯ್ ಆಚೆ ಮೂಲೆಯಲ್ಲಿ.

ಆಗ ಒಬ್ಬ ತೆಲುಗು ಮೇಸ್ತ್ರಿ, ದಪ್ಪನೆಯ ಮನುಷ್ಯ, ತನ್ನ ತಟ್ಟೆ ಎತ್ತಿಕೊಂಡು ಬಂದು ಎದ್ದಾಡುತ್ತಿದ್ದ ಅಂಚನ್ನು ಒಳಕ್ಕೆ ಎಳೆದು, ಅದರ ಮೇಲೆ ಬೆನ್ನು ಬಗ್ಗಿಸಿ ದೊಪ್ಪೆಂದು ಕೂತ. ಪಕ್ಕದವರಿಗೆ ಕೂಗಿದ: "ಕೂರ್ಚೋಂಡ್ರಾ!" ಅವನ ಪಕ್ಕ ಇನ್ನೊಬ್ಬ ಕೂತ, ಅವನ ಪಕ್ಕ ಮತ್ತೊಬ್ಬ. ನೋಡನೋಡುತ್ತಿದ್ದಂತೆ ಅರವತ್ತು ಅಡಿ ಉದ್ದಕ್ಕೂ ಜನ, ಗಾಳಿಗೆ ಬೆನ್ನು ಕೊಟ್ಟು, ಭುಜಕ್ಕೆ ಭುಜ ತಾಗಿಸಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು. ಪಟಪಟ ಸದ್ದು ನಿಂತಿತು. ಗೌಸ್ ಭಾಯ್ ಹೇಳುತ್ತಿದ್ದ ಭಾರ ಅದೇ.

ಆ ಗಾಳಿಯಲ್ಲಿ ಉಪವಾಸ ಬಿಡುವ ಹೊತ್ತಿನ ಆಜಾನ್ ಕೂಗು ಕೇಳಿಸಲಿಲ್ಲ. ಹಾಜಿ ಕೈಗಡಿಯಾರ ಕಣ್ಣಿಗೆ ಹಿಡಿದು ನೋಡಿ ಕೈ ಎತ್ತಿದರು. ಇನ್ನೂರು ಕೈಗಳು ಖರ್ಜೂರಕ್ಕೆ ಹೋದವು. ನನ್ನ ಎರಡೂ ಕೈಯಲ್ಲಿ ಹಗ್ಗ. ನನಗೆ ಉಪವಾಸವಿರಲಿಲ್ಲ, ಆದರೆ ಅವರೆದುರು ಕುಡಿಯಲು ಮನಸ್ಸಾಗದೆ ಮಧ್ಯಾಹ್ನದಿಂದ ನಾನೂ ನೀರು ಮುಟ್ಟಿರಲಿಲ್ಲ. ಮೇಸ್ತ್ರಿ ನನ್ನನ್ನು ನೋಡಿ ಒಂದು ಖರ್ಜೂರ ತೆಗೆದು ನನ್ನ ಬಾಯಿಗೇ ಇಟ್ಟ. ಅರ್ಧ ಖರ್ಜೂರ, ಅರ್ಧ ಮರಳು. ಅಷ್ಟು ರುಚಿಯಾದದ್ದನ್ನು ನಾನು ತಿಂದೇ ಇಲ್ಲ.

ಒಂದು ಮೂಲೆ ಹರಿಯಿತು, ಅಷ್ಟೇ. ಯಾರಿಗೂ ಗಾಯವಿಲ್ಲ. ಅನ್ನದಲ್ಲಿ ಮರಳು ಕರಕರ ಎನ್ನುತ್ತಿದ್ದರೂ ತಟ್ಟೆಯಲ್ಲಿ ಒಬ್ಬರೂ ಬಿಡಲಿಲ್ಲ. ಮರುದಿನ ಬೆಳಗ್ಗೆ ಹಸನ್ ದಬ್ಬಳವೂ ದಾರವೂ ತಂದು ನನ್ನ ಕೈಗಿಟ್ಟ. "ಮಲಗಿಸಿದವನು ನೀನು. ಹೊಲಿ." ಅದು ಹೊಗಳಿಕೆ ಎಂದು ಗೌಸ್ ಭಾಯ್ ಬಿಡಿಸಿ ಹೇಳಬೇಕಾಯಿತು. ನಾನು ಅಪ್ಪನಿಗೆ ಫೋನು ಮಾಡಿದೆ. ಪೂರ್ತಿ ಕೇಳಿ ಅವರು ಹೇಳಿದ್ದು: "ನೋಡು, ಅವತ್ತು ನನ್ನ ಕೆಲಸ ಸರಿಯಾಗೇ ಇತ್ತು. ಟೇಬಲ್ದೇ ತಪ್ಪು."

2017ರಲ್ಲಿ ವಾಪಸು ಬಂದೆ. ಅಪ್ಪನ ಮಂಡಿ ಸೋತಿತ್ತು, ಅಂಗಡಿಗೆ ಕೈ ಬೇಕಿತ್ತು. ಈಗ ದೊಡ್ಡ ಪೆಂಡಾಲು ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಸರ್ವಜ್ಞನಗರದ ಹಳೆಯ ಮನೆ ಮುಂದೆ ಹತ್ತು ಕುರ್ಚಿಯ ನೆರಳು, ರಿಚರ್ಡ್ಸ್ ಟೌನಿನಲ್ಲಿ ಒಂದು ಹುಟ್ಟುಹಬ್ಬ, ಇಂದಿರಾನಗರದ ತಾರಸಿಯ ಮೇಲೆ ಸೀಮಂತ, ರಂಜಾನ್ ಬಂದರೆ ಶಿವಾಜಿನಗರದ ತಿಂಡಿ ಅಂಗಡಿಗಳ ಮೇಲೆ ಬಟ್ಟೆ. ಎಲ್ಲ ಚಿಕ್ಕ ಚಿಕ್ಕವು, ಎಲ್ಲ ಕುಳ್ಳನೆಯವು. ಆದರೆ ಬಿಡುವಿಲ್ಲ.

ಯೋಚಿಸಲು ಕೇಳಿದ ವಾರ ಮುಗಿಯಿತು. ಲಕ್ಷ್ಮಿ ಕಾಫಿ ಲೋಟ ಇಟ್ಟು ಎದುರಿಗೆ ಕೂತಳು. "ಹೋಗೋ ಮನಸ್ಸಿದೆಯಾ, ಇಲ್ವಾ? ಅಷ್ಟು ಹೇಳಿ. ನಾನು ಎರಡಕ್ಕೂ ರೆಡಿ."

"ಮನಸ್ಸಿದೆ. ಆದ್ರೆ ಅಂಗಡಿ ಮುಚ್ಚೋಕೆ ಮನಸ್ಸಿಲ್ಲ."

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಗಾಳಿ ಬಂದಾಗ ಎತ್ತರ ಬಿಡಬೇಕು, ಬಟ್ಟೆ ಬಿಡಬಾರದು. ಆವತ್ತು ಮರಳಿನಲ್ಲಿ ಹತ್ತು ನಿಮಿಷದಲ್ಲಿ ಮಾಡಿದ್ದನ್ನೇ ಹಲಸೂರಿಗೆ ಬಂದ ಮೇಲೆ ಇಷ್ಟು ವರ್ಷ ನಿಧಾನವಾಗಿ ಮಾಡುತ್ತಿದ್ದೇನೆ ಎಂಬುದು ಆ ವಾರವೇ ನನಗೆ ಹೊಳೆದದ್ದು.

ಗೌಸ್ ಭಾಯ್‌ಗೆ ಫೋನು ಮಾಡಿದೆ. "ಭಾಯ್, ಅಂಗಡಿ ಮುಚ್ಚಲ್ಲ. ಪಾರ್ಟ್‌ನರ್ ಆಗಲ್ಲ."

"ಹುಚ್ಚಾ! ಏನಿದೆಯೋ ನಿನ್ಗೆ ಅಲ್ಲಿ?"

"ಹೇಳ್ತೀನಿ. ಅದಕ್ಕೂ ಮುಂಚೆ ಕೇಳಿ, ಬರೋ ರಂಜಾನ್‌ಗೆ ಇಬ್ರೂ ಬರ್ತೀವಿ. ಕಂಬ ನಿಲ್ಲಿಸೋಕಲ್ಲ. ನಿಮ್ಮ ಟೆಂಟಿನಲ್ಲಿ ಕೂತು ಉಣ್ಣೋಕೆ."

ಆಚೆ ಕಡೆ ಭಾಯ್ ಮೊದಲು ಬೈದರು, ಆಮೇಲೆ ನಕ್ಕರು. ಆಮೇಲೆ, "ಭಾಬಿಗೆ ಹೇಳು, ರಂಜಾನ್ ಈಗ ಚಳೀಲಿ ಬರುತ್ತೆ. ನಲ್ಲೀಲಿ ಬಿಸಿನೀರು ಬರಲ್ಲ. ಗೀಸರ್ ಹಾಕ್ಬೇಕು."

ಏನಿದೆ ನಿನಗೆ ಅಲ್ಲಿ ಎಂದು ಭಾಯ್ ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಈಗ ನನ್ನ ಹತ್ತಿರ ಇರುವುದು: ತೊಂಬತ್ತು ಪೈಪು, ಹದಿನಾಲ್ಕು ಶಾಮಿಯಾನ, ಇನ್ನೂರು ಕುರ್ಚಿ, ಒಂದು ಟೆಂಪೋ, ನಾಲ್ಕು ಜನ ಕೆಲಸದವರು. ಅಂಗಡಿ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಗಂಟು ಸರಿಯಿಲ್ಲ ಎಂದು ಬೈಯುವ ಒಬ್ಬ ಅಪ್ಪ. ಒಬ್ಬಳು ಹೆಂಡತಿ. ಎರಡು ಪಾಸ್‌ಪೋರ್ಟು, ಒಂದು ಸವೆದದ್ದು, ಒಂದು ಹೊಚ್ಚ ಹೊಸದು.